ಎರಡನೇ ತೋಟಾ

ಹೊಸ ಬಂದೂಕು ಮನೆಗೆ ಬಂದ ದಿನ ಅವ್ವ ಅದನ್ನು ನಡುಮನೆಗೆ ತರಲು ಬಿಡಲಿಲ್ಲ. ಅಪ್ಪನ ಹಳೆಯ ಬಂದೂಕು ಅಷ್ಟು ವರ್ಷ ಅದೇ ನಡುಮನೆಯ ಗೂಟದಲ್ಲಿ ತೂಗುತ್ತಿತ್ತು. ಅದರ ಕೆಳಗೇ ನಾನು, ನನ್ನ ತಮ್ಮ ಉಂಡು ಮಲಗಿ ಬೆಳೆದವರು. ಅದಕ್ಕೆ ಅವ್ವ ಎಂದೂ ಏನೂ ಅಂದವಳಲ್ಲ.

"ಅದು ನಮ್ಮನೇದು ಕಣ್ಲಾ. ಇದು ಇನ್ನೂ ರಕ್ತ ಕಂಡಿಲ್ಲ. ಕೊಟ್ಗೇಲಿ ಮಡಗು," ಅಂದಳು.

ಕೊಟ್ಟಿಗೆಯಲ್ಲಿ ಎಮ್ಮೆಯ ಮೇವಿನ ಅಟ್ಟದ ಮೇಲೆ ಗೋಣಿಚೀಲ ಸುತ್ತಿ ಇಟ್ಟೆ.

ನಮ್ಮದು ಬಂಡಳ್ಳಿಯ ಕಡೆ, ಕಾಡಿನ ಅಂಚಿಗೆ ತಗುಲಿದ ಜಮೀನು. ಮುಸುಕಿನ ಜೋಳ ಹಾಕುತ್ತೇವೆ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಕಾಡುಹಂದಿ ಇಳಿಯುತ್ತವೆ. ತಿಂದುಕೊಂಡು ಹೋದರೆ ಹಾಳಾಗಿ ಹೋಗಲಿ ಅನ್ನಬಹುದು. ಅವು ತಿನ್ನುವುದಕ್ಕಿಂತ ಉರುಳಿಸುವುದೇ ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದರೆ ಯಾರಿಗೋ ಮೈಮೇಲೆ ದೆವ್ವ ಬಂದು ಹೊಲದಲ್ಲಿ ಹೊರಳಾಡಿದ ಹಾಗಿರುತ್ತದೆ. ಬೆಳೆ ಕಾಯಲೆಂದು ಅಪ್ಪನಿಗೆ ಬಂದೂಕಿನ ಲೈಸೆನ್ಸ್ ಇತ್ತು. ಅಪ್ಪ ಹೋದ ಮೇಲೆ ಅದು ನನ್ನ ಹೆಸರಿಗೆ ಬಂತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅರ್ಜಿ ಬರೆದದ್ದು, ಆಫೀಸಿಗೆ ಅಲೆದದ್ದು, ಸಾಹೇಬರ ಮುಂದೆ ನಿಂತು ಮಾತಾಡಿದ್ದು ಎಲ್ಲ ತಮ್ಮನೇ. ಅವನು ಹನೂರು–ಕೌದಳ್ಳಿ ರಸ್ತೆಯಲ್ಲಿ ಲಗೇಜ್ ಗಾಡಿ ಓಡಿಸುತ್ತಿದ್ದ. ಮೈಸೂರಿನ ಅಂಗಡಿಯಲ್ಲಿ ಹಳೆಯದನ್ನು ಒಪ್ಪಿಸಿ ಹೊಸದನ್ನು ಆರಿಸಿದವನೂ ಅವನೇ. ದುಡ್ಡಿನಲ್ಲಿ ಅರ್ಧ ಅವನದು, ಹೆಸರು ಮಾತ್ರ ನನ್ನದು.

ಹಳೆಯದು ಬಾಯಿಂದ ಮದ್ದು ತುಂಬುವ ಬಂದೂಕು. ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಕಬ್ಬಿಣದ ಗಜ ಹಾಕಿ ಜಡಿಯಬೇಕು, ಅದರ ಮೇಲೆ ಸೀಸದ ಚರೆ, ಮತ್ತೆ ನಾರು, ಮತ್ತೆ ಗಜ. ಒಂದು ಈಡು ಹೊಡೆದರೆ ಇನ್ನೊಂದಕ್ಕೆ ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬೇಕು. ಹೊಸದು ರೈಫಲ್. ಒಂದೇ ನಳಿಗೆ, ಒಂದು ಸಲಕ್ಕೆ ಒಂದೇ ಗುಂಡು. ಹೆಬ್ಬೆರಳಿನಿಂದ ಕೀಲು ಒತ್ತಿದರೆ ನಡು ಮುರಿದ ಹಾಗೆ ನಳಿಗೆ ಬಾಗುತ್ತದೆ. ಬೆರಳುದ್ದದ ಹಿತ್ತಾಳೆಯ ತೋಟಾ ಒಳಗಿಟ್ಟು ಎತ್ತಿದರೆ ಟಕ್ ಎಂದು ಮುಚ್ಚಿಕೊಳ್ಳುತ್ತದೆ. ಹೊಡೆದಾದ ಮೇಲೆ ಮತ್ತೆ ಬಾಗಿಸಿದರೆ ಖಾಲಿ ತೋಟಾ ತಾನಾಗಿಯೇ ಹಾರಿ ಬೀಳುತ್ತದೆ. ತಮ್ಮ ನಳಿಗೆಯನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದ. ಒಳಗೆ ಕೊನೆಯವರೆಗೂ ಸುತ್ತಿಕೊಂಡು ಹೋದ ಗೀರುಗಳು.

"ಗುಂಡು ತಿರುಗ್ತಾ ಓಯ್ತದಂತೆ ಕಣಣ್ಣ, ಬೋರ್‌ವೆಲ್ ಕೊರ್ದಂಗೆ. ಈ ಕಡೆ ತೂತು, ಆ ಕಡೆ ತೂತು."

ನಮ್ಮ ಕಡೆ ಹೊಸ ಬಂದೂಕಿಗೆ ಒಂದು ಕಟ್ಟಳೆ ಇದೆ. ಮೊದಲ ಈಡನ್ನು ಮರಕ್ಕೆ, ಮಣ್ಣಿಗೆ ಹೊಡೆಯಬಾರದು. ಪ್ರಾಣಿಗೇ ಹೊಡೆಯಬೇಕು. ಆ ಪ್ರಾಣಿಯ ರಕ್ತವನ್ನು ನಳಿಗೆಯ ಬಾಯಿಗೆ ಮುಟ್ಟಿಸುವ ತನಕ ಎರಡನೇ ಈಡು ತುಂಬಬಾರದು. ತುಂಬಿದರೆ ಬಂದೂಕು ಮನೆಯವರದೇ ರಕ್ತ ಕೇಳುತ್ತದೆ ಅನ್ನುತ್ತಾರೆ. ಇದನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದವನು ನಮ್ಮ ಸೋದರಮಾವ, ಅವ್ವನ ಅಣ್ಣ. ಕೌದಳ್ಳಿಯಲ್ಲಿ ಅವನ ಮನೆ. ನನಗೂ ತಮ್ಮನಿಗೂ ಹೆಜ್ಜೆ ನೋಡುವುದು, ಗಾಳಿ ನೋಡುವುದು ಕಲಿಸಿದವನು ಅವನು. ಬಾಯಿಂದ ತುಂಬುವ ಬಂದೂಕಿಗೆ ಈ ಕಟ್ಟಳೆಯಿಂದ ಯಾವ ತೊಂದರೆಯೂ ಇರಲಿಲ್ಲ. ಎರಡನೇ ಈಡು ತುಂಬುವಷ್ಟರಲ್ಲಿ ಪ್ರಾಣಿ ಸತ್ತಿರುತ್ತಿತ್ತು, ಇಲ್ಲವೇ ಹೋಗಿಬಿಟ್ಟಿರುತ್ತಿತ್ತು. ಹೊಸ ಬಂದೂಕಿಗೂ ಅದೇ ಲೆಕ್ಕ ಸಲ್ಲುತ್ತದೆಯೇ ಎಂದು ನಾವು ಯಾರೂ ಯೋಚಿಸಲಿಲ್ಲ.

ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಡು ಹೊಡೆದವನು "ಬಿತ್ತು" ಎಂದು ಕೂಗಿದ ಮೇಲೆ ಯಾರು ಮೊದಲು ಓಡಿಹೋಗಿ ಬಾಲ ಹಿಡಿಯುತ್ತಾರೋ ಅವರಿಗೆ ಒಂದು ಹಿಂದೊಡೆ ಪಾಲು. ಈಡುಗಾರನ ಬಾಯಿಂದ ಆ ಮಾತು ಬರುವ ತನಕ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ. ಬಂದ ಮೇಲೆ ಯಾರೂ ನಿಲ್ಲುವುದಿಲ್ಲ. ನನ್ನ ತಮ್ಮನಿಗಿಂತ ಮೊದಲು ಬಾಲ ಹಿಡಿದವರನ್ನು ನಾನು ಕಂಡಿಲ್ಲ. ಕೈಯಲ್ಲಿದ್ದ ಕೋಲು ಎಸೆದು, ಪಂಚೆ ಎತ್ತಿಕಟ್ಟುವುದಕ್ಕೂ ನಿಲ್ಲದೆ ಓಡುತ್ತಿದ್ದ.

ಬಂದೂಕು ಬಂದ ವಾರದಲ್ಲೇ ನಾವಿಬ್ಬರೂ ಮಾವನ ಕಟ್ಟಳೆಯನ್ನು ಮುರಿದೆವು. ಯಾರಿಗೂ ಹೇಳದೆ ಲಗೇಜ್ ಗಾಡಿಯಲ್ಲಿ ಬಂದೂಕು ಇಟ್ಟುಕೊಂಡು, ಕೆಲಸ ನಿಂತುಹೋದ ಒಂದು ಕರಿಕಲ್ಲು ಕ್ವಾರಿಗೆ ಹೋದೆವು. ಮಧ್ಯಾಹ್ನದ ಬಿಸಿಲು. ಸುತ್ತ ಮನೆಯೆತ್ತರದ ಕಲ್ಲುಗೋಡೆ, ಕೆಳಗೆ ಹಸಿರು ಕಟ್ಟಿದ ನೀರು. ತಮ್ಮ ಒಡಕು ಮಡಕೆಯೊಂದನ್ನು ಕಲ್ಲಿನ ಮೇಲಿಟ್ಟು ಬಂದ.

ನಾನು ಅಪ್ಪನ ಬಂದೂಕು ಹಿಡಿಯುತ್ತಿದ್ದ ಹಾಗೆಯೇ ಸಡಿಲವಾಗಿ, ಹೆಬ್ಬೆರಳನ್ನು ಮೇಲೆ ಮಾಡಿ ಹಿಡಿದೆ. ತೋಟಾಕ್ಕೆ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆದೆ. ಟ್ರಿಗರ್ ನಾನು ಎಣಿಸಿದ್ದಕ್ಕಿಂತ ಹಗುರವಾಗಿತ್ತು, ಮುಟ್ಟಿದ್ದೇ ತಡ ಹಾರಿತು. ಹಳೆಯ ಬಂದೂಕು ಧುಂ ಎಂದು ನಿಧಾನವಾಗಿ ತಳ್ಳುತ್ತಿತ್ತು, ಕೊಬ್ಬಿದ ಕರು ಹಾಯ್ದ ಹಾಗೆ. ಇದು ತಳ್ಳಲಿಲ್ಲ, ಒದೆಯಿತು. ಭುಜದ ಮೂಳೆಗೆ ಸುತ್ತಿಗೆ ಏಟು ಬಿದ್ದಂತಾಗಿ ನನ್ನದೇ ಹೆಬ್ಬೆರಳು ನನ್ನ ಮೂಗಿಗೆ ಜಜ್ಜಿತು. ಸದ್ದು ಚಾಟಿ ಸೀಳಿದಂತೆ ಒಮ್ಮೆಗೇ ಬಂದು, ಕಲ್ಲುಗೋಡೆಗಳ ನಡುವೆ ಸಿಕ್ಕಿಕೊಂಡು ಹೊರಗೆ ಹೋಗಲು ದಾರಿ ಇಲ್ಲದೆ ಒದ್ದಾಡಿತು. ಗುಂಡು ಮಡಕೆಗೆ ತಾಗಲಿಲ್ಲ. ಕರಿಕಲ್ಲಿಗೆ ಬಡಿದು ತಿರುಗಿ ಕುಯ್ಯೆಂದು ಕೂಗುತ್ತಾ ತಮ್ಮನ ತಲೆಯ ಮೇಲೆ ಹಾದುಹೋಯಿತು. ಅವನು ಕುಸಿದು ಕೂತ. ಸತ್ತನೇನೋ ಅಂದುಕೊಂಡೆ. ಎದ್ದು ತಲೆ ತಡವಿಕೊಂಡು ನನ್ನ ಕಡೆ ನೋಡಿದ. ನನ್ನ ಮೂಗಿನಿಂದ ರಕ್ತ ಇಳಿದು ಬಾಯಿಗೆ, ಅಲ್ಲಿಂದ ಬಂದೂಕಿನ ಮರಕ್ಕೆ ತೊಟ್ಟಿಕ್ಕುತ್ತಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ.

"ರಕ್ತ ಮುಟ್ತಲ್ಲಣ್ಣೋ! ಬುಡು, ಇನ್ನು ಎಷ್ಟಾದ್ರೂ ತುಂಬು!"

"ನಗಾಡ್ಬೇಡ ಕಣ್ಲಾ, ಈಗ ಓಗಿರದು ನಿನ್ ತಲೆ."

"ಓದ್ರೆ ಓಗ್ಲಿ, ಅವ್ವಂಗೆ ನೀ ಏನಂತ ಯೋಳ್ತಿದ್ದೆ? ಮಡಕೆ ಅನ್ಕಂಡೆ ಅಂತಿದ್ಯಾ?"

ಆಮೇಲೆ ಅವನೇ ಒಂದು ನಿಯಮ ಮಾಡಿದ. ಬಂದೂಕು ಮುಚ್ಚಿದ ಟಕ್ ಸದ್ದು ಕೇಳಿದ ಕೂಡಲೇ ಇನ್ನೊಬ್ಬ ನೆಲಕ್ಕೆ ಮಕಾಡೆ ಮಲಗಬೇಕು, ಈಡು ಹಾರುವ ತನಕ ಅಲ್ಲಾಡಬಾರದು. ಆ ಮಧ್ಯಾಹ್ನವೆಲ್ಲ ಹಾಗೆಯೇ ಮಾಡಿದೆವು. ನಾನು ಟಕ್ ಅನ್ನಿಸುವುದು, ಅವನು ಕಲ್ಲಿನ ಪುಡಿಯಲ್ಲಿ ಮುಖ ಊರಿ ಮಲಗುವುದು. ಅವನು ಟಕ್ ಅನ್ನಿಸಿದರೆ ನಾನು. ಮಡಕೆ ಒಡೆದವನು ಅವನು, ಎರಡನೇ ಈಡಿಗೇ. ನನ್ನ ಗುಂಡುಗಳು ಕಲ್ಲು ಸೀಳಿದವು, ನೀರು ಸೀಳಿದವು. ಆದರೆ ಒಂದು ನಿಜ ಹೇಳಬೇಕು. ಭುಜ ಊದಿಕೊಂಡು ಕೈ ಮೇಲೆತ್ತಲಾಗದಿದ್ದರೂ ನನಗೆ ನಿಲ್ಲಿಸುವ ಮನಸ್ಸಿರಲಿಲ್ಲ. ಬೆರಳಿನ ಇಷ್ಟು ಕೆಲಸಕ್ಕೆ ಅಷ್ಟು ದೂರದಲ್ಲಿ ಕಲ್ಲು ಸಿಡಿಯುವುದು ನನಗೆ ಹೆಂಡದ ಹಾಗೆ ಏರಿತು. ಜೀವನದಲ್ಲಿ ನನ್ನ ಮಾತಿಗೆ ಒಂದು ಎಮ್ಮೆಯೂ ತಿರುಗಿ ನೋಡಿದ್ದಿಲ್ಲ. ಮನೆಗೆ ಬರುವ ದಾರಿಯಲ್ಲಿ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ರಸ್ತೆಯಲ್ಲಿ ಹೋಗುವವರನ್ನು ನೋಡುತ್ತಾ ಕೂತಿದ್ದೆ.

ಜೋಳ ಹಾಲು ಕಟ್ಟಿತು, ಹಂದಿ ಬಂದವು. ಅವು ಹಗಲು ಮಲಗುವ ಜಾಗ ನಮ್ಮ ಜಮೀನಿನ ಪಕ್ಕದ ಹಳ್ಳದ ಲಂಟಾನದ ಪೊದೆ ಎಂದು ಮಾವ ಹೆಜ್ಜೆ ನೋಡಿ ಹೇಳಿದ. ಒಂದು ಬೆಳಿಗ್ಗೆ ಬಿಸಿಲು ಏರಿದ ಮೇಲೆ ಸೋವಿಗೆ ನಿಂತೆವು. ಸೋವು ಅಂದರೆ ಒಂದು ಕಡೆಯಿಂದ ತಗಡು ಬಡಿದು, ಕೂಗಿ, ನಾಯಿ ಬಿಟ್ಟು ಪ್ರಾಣಿಯನ್ನು ಈಡುಗಾರನ ಕಡೆಗೆ ಅಟ್ಟುವುದು. ಮಾವ ಮತ್ತು ಪಕ್ಕದ ಹೊಲದವರು ಇಬ್ಬರು ಹಳ್ಳದ ಆ ತುದಿಯಿಂದ ಬರುತ್ತಾರೆ. ಈ ತುದಿಯಲ್ಲಿ ಬದುವಿನ ಮೇಲಿನ ಹೊಂಗೆಮರದ ಕೆಳಗೆ ನಾನು. ನನ್ನಿಂದ ಸ್ವಲ್ಪ ಪಕ್ಕಕ್ಕೆ, ಬಾಲ ಹಿಡಿಯಲು ತಮ್ಮ.

ಹೊರಡುವ ಮುಂಚೆ ಮಾವ ನನ್ನ ಕೈಗೆ ಒಂದೇ ತೋಟಾ ಕೊಟ್ಟ.

"ಒಂದೇ ಕಣ್ಲಾ. ರಕ್ತ ಮುಟ್ಸೋಗಂಟ ಇನ್ನೊಂದ ಮುಟ್ಬ್ಯಾಡ."

"ಆಗ್ಲಿ ಮಾವ," ಅಂದೆ. ನನ್ನ ಅಂಗಿಯ ಜೇಬಿನಲ್ಲಿ ಇನ್ನೊಂದು ಇತ್ತು. ತಮ್ಮನಿಗೆ ಅದು ಗೊತ್ತಿತ್ತು. ಮಾವನ ಬೆನ್ನ ಹಿಂದೆ ನಿಂತು ತನ್ನ ಮೂಗು ಮುಟ್ಟಿಕೊಂಡು ನನ್ನನ್ನು ಅಣಕಿಸಿದ.

ತಗಡಿನ ಸದ್ದು ಶುರುವಾಯಿತು. ಮೊದಲು ಒಂದು ಹೆಣ್ಣುಹಂದಿ ಮರಿಗಳನ್ನು ಕಟ್ಟಿಕೊಂಡು ದೂರದಲ್ಲೇ ದಾಟಿತು. ಬಿಟ್ಟೆ. ಆಮೇಲೆ ಪೊದೆ ತಾನೇ ನಡೆದು ಬಂದ ಹಾಗೆ ಅಲುಗಾಡಿ ಒಂಟಿ ಗಂಡು ಹೊರಗೆ ಬಂತು. ಬೆನ್ನಿನ ಕೂದಲು ನಿಮಿರಿತ್ತು, ಪಕ್ಕೆಗೆ ಮೆತ್ತಿದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಓಡುತ್ತಿರಲಿಲ್ಲ, ನಡೆಯುತ್ತಿತ್ತು. ಬಂದೂಕನ್ನು ಈ ಸಲ ಗಟ್ಟಿಯಾಗಿ ಭುಜಕ್ಕೆ ಒತ್ತಿ, ಮುಂಗಾಲಿನ ಸಂದಿಗೆ ಗುರಿ ಇಟ್ಟು ಹೊಡೆದೆ. ಒದೆತ ನನಗೆ ಗೊತ್ತೇ ಆಗಲಿಲ್ಲ. ನಾಲ್ಕೂ ಕಾಲನ್ನು ಒಟ್ಟಿಗೆ ಕಡಿದಂತೆ ಹಂದಿ ನಿಂತಲ್ಲೇ ಕುಸಿಯಿತು. ಚರೆ ತಿಂದ ಹಂದಿ ಹಾಗೆ ಬೀಳುವುದನ್ನು ನಾನು ಎಂದೂ ಕಂಡಿರಲಿಲ್ಲ. ಅವು ಓಡಿ, ತೂರಾಡಿ, ಉರುಳಿ ಸಾಯುತ್ತಿದ್ದವು. ಇದು ದೇವರು ಸ್ವಿಚ್ ಆರಿಸಿದಂತೆ ಬಿತ್ತು.

"ಬಿತ್ತೂ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹತ್ತಿರ ಹೋಗಿ ನೋಡಿ ಕೂಗಬೇಕು ಎಂದು ಮಾವ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದ. ನಾನು ಹೆಜ್ಜೆ ಎತ್ತಿಡುವ ಮೊದಲೇ ಕೂಗಿದೆ.

ನನ್ನ ಗುಂಡು ಮೇಲೆ ಹೋಗಿತ್ತು. ಬೆನ್ನುಮೂಳೆಯ ನೆತ್ತಿಯನ್ನು ಸವರಿಕೊಂಡು ಮಾಂಸ ಸೀಳಿ ಆಚೆ ಹಾರಿತ್ತು. ಮೂಳೆ ಅದುರಿ ಹಂದಿಗೆ ಪ್ರಜ್ಞೆ ತಪ್ಪಿತ್ತು, ಅಷ್ಟೆ. ಇದು ನಮಗೆ ತಿಳಿದದ್ದು ಆಮೇಲೆ, ಅದರ ಚರ್ಮ ಸುಲಿದಾಗ.

ತಮ್ಮ ಕೋಲು ಎಸೆದು ಓಡಿದ. ಬಾಲ ಹಿಡಿದು, ನನ್ನ ಕಡೆಗೆ ತಿರುಗಿ, ಬಾಯ್ತುಂಬ ನಗುತ್ತಾ ಏನೋ ಹೇಳಿದ. ನಾನು ಇನ್ನೂ ಕೂಗುತ್ತಿದ್ದೆ, ಕೇಳಿಸಲಿಲ್ಲ. ಅವನ ಹಿಂದೆ ಹಂದಿಯ ಕಿವಿ ಒಮ್ಮೆ ಅಲ್ಲಾಡಿದ್ದನ್ನು ನಾನು ಕಂಡೆ. "ಲೋ" ಅಂದೆ. ಅಷ್ಟೇ ಬಾಯಿಗೆ ಬಂದದ್ದು.

ಹಂದಿ ಎದ್ದದ್ದೂ ತಿರುಗಿದ್ದೂ ಒಂದೇ ಆಗಿತ್ತು. ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ಎಸೆದಾಗ ಹಸಿಬಟ್ಟೆ ಹರಿದ ಸದ್ದಾಯಿತು. ಹರಿದದ್ದು ಪಂಚೆ ಅಂದುಕೊಂಡೆ. ತಮ್ಮ ಹಿಮ್ಮುಖವಾಗಿ ಬಿದ್ದ. ಎಡತೊಡೆ ಮೊಣಕಾಲಿನಿಂದ ಮೇಲಕ್ಕೆ ತೆರೆದುಕೊಂಡಿತ್ತು. ಒಳಗೆ ಮೊದಲು ಬೆಳ್ಳಗೆ ಕಂಡಿತು, ಆಮೇಲೆ ಒಮ್ಮೆಲೇ ರಕ್ತ ತುಂಬಿಕೊಂಡಿತು. ಅವನು ಬಲಗಾಲಿನಿಂದ ಹಂದಿಯ ಮೂತಿಗೆ ಒದೆಯುತ್ತಾ, ಕೈ ಊರಿ ಹಿಂದೆ ಹಿಂದೆ ತೆವಳುತ್ತಾ, "ಅಣ್ಣ, ಅಣ್ಣ" ಎಂದು ಕೂಗುತ್ತಿದ್ದ. ಹಂದಿ ಅವನ ಪಾದವನ್ನು ಕಚ್ಚಿ ತಲೆ ಒದರಿತು.

ಇಲ್ಲಿಂದ ಮುಂದಿನದನ್ನು ನಾನು ಯಾರ ಮುಂದೆಯೂ ಸರಿಯಾಗಿ ಹೇಳಿರಲಿಲ್ಲ.

ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಕೀಲು ಒತ್ತಿದೆ, ಖಾಲಿ ತೋಟಾ ಹಾರಿಬಿತ್ತು, ಜೇಬಿನಿಂದ ಎರಡನೆಯದನ್ನು ತೆಗೆದು ಒಳಗಿಟ್ಟು ಎತ್ತಿದೆ. ಟಕ್ ಎಂದು ಮುಚ್ಚಿಕೊಂಡಿತು. ಮಾವನ ಕಟ್ಟಳೆ ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ. ಕುದುರೆ ಎಳೆದು ಬಂದೂಕು ಭುಜಕ್ಕೆ ಏರಿಸಿದೆ. ಆ ಹೊತ್ತಿಗೆ ತಮ್ಮ ಒದೆಯುವುದನ್ನು ನಿಲ್ಲಿಸಿದ್ದ. ಮಗ್ಗುಲಾಗಿ ಹೊರಳಿ, ಮಕಾಡೆ ಮಲಗಿ, ಮುಖವನ್ನು ಮಣ್ಣಿಗೆ ಒತ್ತಿಕೊಂಡಿದ್ದ. ಪ್ರಜ್ಞೆ ತಪ್ಪಿತು ಅಂದುಕೊಂಡೆ. ಹಾಗೆಂದೇ ಎಷ್ಟೋ ಕಾಲ ನಂಬಿಕೊಂಡಿದ್ದೆ.

ಅವನು ನೆಲಕ್ಕೆ ಅಂಟಿದ್ದರಿಂದ ಹಂದಿ ಪೂರ್ತಿ ಕಾಣುತ್ತಿತ್ತು. ಎಮ್ಮೆ ಕಟ್ಟುವ ಹಗ್ಗ ಎರಡು ಹಾಕಿದರೆ ಮುಟ್ಟುವಷ್ಟು ದೂರ. ಪಕ್ಕೆ ನನ್ನ ಕಡೆಗಿತ್ತು. ಕ್ವಾರಿಯ ಮಡಕೆಗಿಂತ ದೊಡ್ಡ ಗುರಿ, ಅದಕ್ಕಿಂತ ಹತ್ತಿರ. ತಮ್ಮನಿಗೆ ತಾಗೀತು ಎಂದು ಹೆದರಿದೆ ಅಂತ ಬರೆಯಬಹುದು. ಓದುವವರು ನಂಬುತ್ತಾರೆ. ಅದು ಸುಳ್ಳು. ಆಗಲೇ ಹಂದಿ ತಲೆ ಎತ್ತಿ ನನ್ನನ್ನು ನೋಡಿತು. ಮೂತಿಯ ತುಂಬ ರಕ್ತ, ಕೋರೆಯಿಂದ ಚರ್ಮದ ಚೂರು ನೇತಾಡುತ್ತಿತ್ತು. ನನಗೆ ಬಂದ ಯೋಚನೆ ಒಂದೇ. ಬಂದೂಕಿನಲ್ಲಿ ಇರುವುದು ಒಂದೇ ಗುಂಡು, ಜೇಬು ಖಾಲಿ. ಈಗ ಹೊಡೆದು ತಪ್ಪಿದರೆ ಇದು ನನ್ನ ಮೇಲೆ ಬರುತ್ತದೆ, ಆಗ ನನ್ನ ಕೈಯಲ್ಲಿ ಏನಿರುತ್ತದೆ?

ಆ ಗುಂಡನ್ನು ನಾನು ನನಗೆ ಇಟ್ಟುಕೊಂಡೆ. ಒಂದು ಹೆಜ್ಜೆ ಹಿಂದೆ ಸರಿದು ಹೊಂಗೆಮರದ ಮರೆಗೆ ಹೋದೆ.

ಹಂದಿ ನನ್ನನ್ನು ಬಿಟ್ಟು ಅವನ ಕಡೆಗೆ ತಿರುಗಿತು. ಎರಡನೇ ಸಲ ಕೋರೆ ಹಾಕಿದ್ದು ಅದೇ ಕಾಲಿಗೆ, ಹಿಂದಿನಿಂದ, ಮೊಣಕಾಲಿನ ಸಂದಿಗೆ. ನರ ತುಂಡಾದದ್ದು ಮೊದಲ ಏಟಿಗಲ್ಲ, ಈ ಎರಡನೆಯದಕ್ಕೆ. ಮರದ ಮರೆಯಿಂದ ನಾನು ನೋಡುತ್ತಿದ್ದೆ. ನನ್ನ ಬೆರಳು ಟ್ರಿಗರ್ ಮೇಲೇ ಇತ್ತು.

ನಾಯಿಗಳು ಬಂದು ಹಂದಿಯ ಕಿವಿಗೆ, ತೊಡೆಗೆ ಬಿದ್ದವು. ಅದು ಅವುಗಳನ್ನು ಎಳೆದುಕೊಂಡೇ ಸ್ವಲ್ಪ ದೂರ ಹೋಯಿತು, ಆಮೇಲೆ ಹಿಂಗಾಲು ಸೋತು ಕೂತಿತು. ಒಂದು ನಾಯಿಯ ಹೊಟ್ಟೆ ಸೀಳಿ ಎಸೆಯಿತು. ಮಾವ ಮತ್ತು ಉಳಿದವರು ಪೊದೆಯಿಂದ ಹೊರಗೆ ಬರುವಷ್ಟರಲ್ಲಿ ನಾನು ಮರದ ಹಿಂದೆ ಕುದುರೆ ಇಳಿಸಿ, ಬಂದೂಕು ಬಾಗಿಸಿ, ತೋಟಾವನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ತಮ್ಮನಿಗಾಗಿ ಈಡು ಹೊಡೆಯಲಾಗದ ಕೈ ಈ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿತು ಎಂದು ಈಗಲೂ ನನ್ನ ಬೆರಳುಗಳನ್ನು ನೋಡಿಕೊಳ್ಳುತ್ತೇನೆ.

ಓಡಿಹೋಗಿ ಅವನ ತೊಡೆಯನ್ನು ಎರಡೂ ಕೈಯಲ್ಲಿ ಹಿಸುಕಿ ಹಿಡಿದೆ. ಬೆರಳುಗಳ ಸಂದಿಯಿಂದ ರಕ್ತ ಬಿಸಿಯಾಗಿ ಬರುತ್ತಿತ್ತು. ಪಕ್ಕದ ಹೊಲದವರು ಇಬ್ಬರೂ ಟವೆಲ್ ಬಿಗಿದು ಕಟ್ಟಿದರು. ಮಾವ ಮಚ್ಚು ಹಿಡಿದು ಹಂದಿಯ ಬೆನ್ನಿಗೆ, ಕುತ್ತಿಗೆಗೆ ಕೊಚ್ಚುತ್ತಿದ್ದ. ಸಾಯುತ್ತಿರಲಿಲ್ಲ. ಒಂದೊಂದು ಏಟಿಗೂ ಮಗು ಚೀರಿದಂತೆ ಚೀರುತ್ತಿತ್ತು.

"ಬಂದೂಕ ತಕಬಾರ್ಲಾ!"

ತೆಗೆದುಕೊಂಡು ಹೋದೆ. ಮಾವ ಅದನ್ನು ನೋಡಿ ಮಚ್ಚು ಇಳಿಸಿದ. ನನ್ನ ಕೈಯಿಂದ ನಳಿಗೆಯ ಉದ್ದಕ್ಕೂ ತಮ್ಮನ ರಕ್ತ ಮೆತ್ತಿಕೊಂಡು ಬಾಯಿಯ ತನಕ ಹರಿದಿತ್ತು.

"ರಕ್ತ ಮುಟ್ತು," ಅಂದ. "ಈಗ ತುಂಬ್ಲಾ. ತೋಟಾ ಅದಾ?"

"ಜೋಬಲ್ಲಿ ಅದೆ ಮಾವ."

ಅದೇ ತೋಟಾ. ಎಲ್ಲರ ಕಣ್ಣೆದುರಿಗೆ ಒಳಗಿಟ್ಟು, ಮುಚ್ಚಿ, ಹಂದಿಯ ಕಿವಿಗೆ ಬಾಯಿ ಇಟ್ಟು ಹೊಡೆದೆ. ತಲೆಬುರುಡೆಯ ಆ ಪಕ್ಕ ಹಾರಿಹೋಯಿತು. ಗುಂಡು ತಪ್ಪಲಿಲ್ಲ.

ತಮ್ಮನನ್ನು ಅವನದೇ ಲಗೇಜ್ ಗಾಡಿಯ ಹಿಂದೆ ಗೋಣಿಚೀಲದ ಮೇಲೆ ಮಲಗಿಸಿ ಹನೂರು ದಾಟಿ ಕೊಳ್ಳೇಗಾಲಕ್ಕೆ ಹೋದೆವು. ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆಂದು ಹೆದರಿ ಟಿಲ್ಲರ್‌ಗೆ ಕಾಲು ಸಿಕ್ಕಿತು ಎಂದು ಹೇಳಿದೆ. ಡಾಕ್ಟರು ಗಾಯದೊಳಗಿನಿಂದ ಚಿಮುಟದಲ್ಲಿ ಒಂದು ಕರಿ ಕೂದಲು ಎಳೆದು ಬೆಳಕಿಗೆ ಹಿಡಿದರು. ತಂತಿಯಷ್ಟು ಒರಟು.

"ನಿಮ್ ಕಡೆ ಟಿಲ್ಲರ್‌ಗೆ ಕೂದ್ಲು ಬೆಳೆಯುತ್ತೇನಪ್ಪ?"

ಅವರು ಮತ್ತೆ ಕೇಳಲಿಲ್ಲ, ಹೊಲಿಯುತ್ತಾ ಹೋದರು. ಕಾಲು ಉಳಿಯಿತು, ಕಾಲಿನ ಕೆಲಸ ಉಳಿಯಲಿಲ್ಲ. ಮೊಣಕಾಲಿನಿಂದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ, ಮಡಚುವುದಿಲ್ಲ.

ಮಾರನೆಯ ದಿನ ಅವ್ವ ಬಂದಳು. ಬರುವ ಮುಂಚೆ ಮನೆಯ ಬಾಗಿಲಿಗೆ ಯಾರೋ ಮುತ್ತುಗದ ಎಲೆಯಲ್ಲಿ ಸುತ್ತಿದ ಹಂದಿಯ ಹಿಂದೊಡೆ ತಂದಿಟ್ಟು ಹೋಗಿದ್ದರಂತೆ. ಬಾಲ ಹಿಡಿದವನ ಪಾಲು. ಪದ್ಧತಿ ಬಿಡಬಾರದಲ್ಲ. ಅವ್ವ ಅದನ್ನು ತಿಪ್ಪೆಯಲ್ಲಿ ಹೂತು, ಕೈ ತೊಳೆಯದೆಯೇ ಬಸ್ಸು ಹತ್ತಿದ್ದಳು. ಉಗುರಿನಲ್ಲಿ ಗೊಬ್ಬರ ಇತ್ತು. ಹಾಸಿಗೆಯ ಪಕ್ಕ ನಿಂತು, ತಮ್ಮನನ್ನಲ್ಲ, ನನ್ನನ್ನು ನೋಡಿದಳು.

"ನಿನ್ ಕೈಲಿ ಬಂದೂಕಿತ್ತಲ್ಲಾ. ಮಡೀಕಂಡು ಏನ್ ಮಾಡ್ತಿದ್ದೆ?"

ಮಾತಾಡಿದವನು ತಮ್ಮ. ಕಣ್ಣು ಮೇಲೆ ತಿರುಗುವ ಫ್ಯಾನಿನ ಮೇಲಿತ್ತು.

"ಹೊಸ ಬಂದೂಕಲ್ವಾ ಅವ್ವ. ರಕ್ತ ಮುಟ್ಸೋಗಂಟ ತುಂಬಂಗಿಲ್ಲ ಅಂತ ಮಾವ ಒಂದೇ ತೋಟಾ ಕೊಟ್ಟಿದ್ದ. ಅಣ್ಣ ಏನ್ ಮಾಡಾನು?"

ನಾನು ಹೌದೆಂದು ತಲೆ ಆಡಿಸಿದೆ. ಕ್ವಾರಿಯಲ್ಲಿ ಆ ಕಟ್ಟಳೆಯನ್ನು ನನ್ನ ಜೊತೆ ಮುರಿದವನು ಅವನು, ಎರಡನೇ ತೋಟಾ ನನ್ನ ಜೇಬಿನಲ್ಲಿದ್ದದ್ದು ಗೊತ್ತಿದ್ದವನು ಅವನು. ಅವನ ಬಾಯಿಂದ ಆ ಮಾತು ಯಾಕೆ ಬಂತು ಎಂದು ನಾನು ಅಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ಮುಳುಗುವವನಿಗೆ ಹಗ್ಗ ಸಿಕ್ಕಿತು, ಹಿಡಿದುಕೊಂಡೆ. ಎಸೆದವನು ಯಾರೆಂದು ನೋಡಲಿಲ್ಲ.

ಆ ಮಾತು ಊರೆಲ್ಲ ಹರಡಿತು. ತಪ್ಪು ಮಾವನ ತಲೆಗೆ ಹೋಯಿತು. ಅಂಥ ಕಟ್ಟಳೆ ಹಿಡಿದು ಹುಡುಗನ ಕಾಲು ತೆಗೆದ ಎಂದು ಅವ್ವ ತನ್ನ ಅಣ್ಣನ ಜೊತೆ ಮಾತು ಬಿಟ್ಟಳು. ಒಂದು ದಿನ ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾವ ನನ್ನೆದುರಿಗೆ ಬಂದು, ಟವೆಲನ್ನು ಹೆಗಲಿನಿಂದ ತೆಗೆದು, ತಲೆ ತಗ್ಗಿಸಿ ನಿಂತ. "ನನ್ ಮಾತು ನಿನ್ ಕೈ ಕಟ್ತು ಕಣಪ್ಪ," ಅಂದ. ನನಗೆ ಬೇಟೆ ಕಲಿಸಿದವನು. "ಬುಡು ಮಾವ, ಆಗಿದ್ದಾಯ್ತು," ಎಂದು ನಾನು ಅವನನ್ನು ಕ್ಷಮಿಸಿದೆ. ಅದಕ್ಕೆ ಬೇರೆ ಪದವಿಲ್ಲ, ಕ್ಷಮಿಸಿದೆ.

ತಮ್ಮ ಕ್ಲಚ್ ತುಳಿಯಲಾಗದೆ ಗಾಡಿ ಮಾರಿದ. ಹೆಂಡತಿಯ ಊರು ಯಳಂದೂರಿನ ಹತ್ತಿರದ ಹೊನ್ನೂರು. ಅಲ್ಲಿಗೆ ಹೋಗಿ ಅವಳ ತವರಿನ ಗದ್ದೆಗೆ ನೀರು ಕಟ್ಟುವುದು, ತೆಂಗು ನೋಡುವುದು ಮಾಡಿಕೊಂಡಿದ್ದಾನೆ. ನಾನು ಹಬ್ಬಕ್ಕೆ ಹೋಗಿ ಅವನ ಮಕ್ಕಳ ಕೈಗೆ ಬಿಸ್ಕತ್ತು ಕೊಟ್ಟು ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅವನ ಕಾಲಿನ ಕಡೆ ನೋಡುತ್ತಿರಲಿಲ್ಲ.

ಮೊನ್ನೆ ಚುನಾವಣೆ ಬಂತು. ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಒಪ್ಪಿಸುವಾಗ ಪೊಲೀಸಿನವನು, "ಖಾಲಿ ಐತೇನಯ್ಯ?" ಎಂದು ಕೇಳಿ ನನ್ನ ಮುಂದೆಯೇ ಬಾಗಿಸಿ ನೋಡಿ ಮುಚ್ಚಿದ. ಟಕ್. ರಸೀದಿಗೂ ನಿಲ್ಲದೆ ಹೊರಗೆ ಬಂದೆ. ಮತ ಎಣಿಕೆ ಮುಗಿದು ಬಂದೂಕು ವಾಪಸ್ ತೆಗೆದುಕೊಂಡು ಹೋಗಿ ಎಂದು ಫೋನ್ ಬಂದ ದಿನ ನಾನು ಸ್ಟೇಷನ್ನಿಗೆ ಹೋಗಲಿಲ್ಲ. ಹೊನ್ನೂರಿಗೆ ಹೋದೆ.

ತಮ್ಮ ಗದ್ದೆಯ ಬದುವಿನ ಮೇಲೆ ಎಡಗಾಲನ್ನು ನೇರವಾಗಿ ಚಾಚಿಕೊಂಡು ಕೂತಿದ್ದ. ಪಕ್ಕದಲ್ಲಿ ಊರುಗೋಲು. ನನ್ನನ್ನು ಕಂಡು, "ಏನಣ್ಣ, ಅಬ್ಬ ಇಲ್ಲ ಏನಿಲ್ಲ?" ಅಂದ. ನಾನು ಕೂರದೆ ಹೇಳಿದೆ. ತುಂಬಿದ್ದೆ, ಗುರಿ ಇಟ್ಟಿದ್ದೆ, ಹೊಡೆಯಲಿಲ್ಲ, ನನಗೆ ಬೇಕೆಂದು ಇಟ್ಟುಕೊಂಡೆ, ಮರದ ಹಿಂದೆ ಹೋದೆ. ಹೇಳಿ ಮುಗಿಯುವ ತನಕ ಅವನು ಗದ್ದೆಗೆ ನೀರು ಇಳಿಯುವ ಮಡೆಯನ್ನೇ ನೋಡುತ್ತಿದ್ದ.

"ಗೊತ್ತು," ಅಂದ.

"ಏನ್ ಗೊತ್ತು?"

"ಟಕ್ ಅಂತಲ್ಲಣ್ಣ. ಕೇಳುಸ್ತು. ಅದ್ಕೇ ಒದೆಯೋದ ಬುಟ್ಟು ಮಕಾಡೆ ಮಲಗ್ದೆ. ಕ್ವಾರೀಲಿ ಮಲಗ್ತಿದ್ನಲ್ಲ, ಅಂಗೆ." ಚಾಚಿದ ಕಾಲನ್ನು ಕೈಯಿಂದ ಎತ್ತಿ ಸರಿಸಿಕೊಂಡ. "ಎರಡ್ನೇ ಕಿತ ಕೋರೆ ಆಕ್ದಾಗ್ಲೂ ಅಲ್ಲಾಡ್ಲಿಲ್ಲ ಕಣಣ್ಣ. ಅಲ್ಲಾಡುದ್ರೆ ನಿನ್ ಗುರಿ ತಪ್ಪೀತು ಅಂತ."

ಅವನ ಹತ್ತಿರ ಬಗ್ಗಿ ಕೂರಲು ಹೋದೆ. ಅವನು ಊರುಗೋಲು ಎತ್ತಿ ನನ್ನ ಬಲಭುಜಕ್ಕೆ ಹೊಡೆದ. ಕ್ವಾರಿಯಲ್ಲಿ ಬಂದೂಕು ಒದ್ದಿದ್ದ ಜಾಗಕ್ಕೇ. ಮತ್ತೆ ಹೊಡೆದ. ಮೂರನೆಯದು ಕಿವಿಗೆ ಬಿತ್ತು, ರಕ್ತ ಬಂತು. ನಾನು ಕೈ ಅಡ್ಡ ಹಿಡಿಯಲಿಲ್ಲ. ಕೋಲು ಅವನ ಕೈಯಿಂದ ಜಾರಿ ಗದ್ದೆಯ ಕೆಸರಿಗೆ ಬಿತ್ತು. ಎದ್ದು ತೆಗೆದುಕೊಳ್ಳಲು ಅವನಿಗೆ ಆಗಲಿಲ್ಲ. ನಾನೇ ಇಳಿದು ತೆಗೆದು, ತೊಳೆದು, ಅವನ ಕೈಗೆ ಕೊಟ್ಟೆ. ಮತ್ತೆ ಹೊಡೆದಾನು ಎಂದು ನಿಂತೆ. ಹೊಡೆಯಲಿಲ್ಲ. ಏದುಸಿರು ಬಿಡುತ್ತಿದ್ದ.

"ಅವ್ವನ ಮುಂದೆ ಯಾಕ್ಲಾ ಅಂಗಂದೆ?"

"ಇನ್ನೇನ್ ಅನ್ಲಿ? ನನ್ ಅಣ್ಣ ಮರದ ಇಂದೆ ಇದ್ದ ಅನ್ಲಾ?" ಅಂದ. "ಮಾವಂಗೆ ಯೋಳಿದ್ಯಾ?"

"ಇಲ್ಲ."

"ನಂಗ್ ಗೊತ್ತಿರೋದ ನಂಗೆ ಯೋಳಕ್ಕೆ ಬಸ್‌ಚಾರ್ಜ್ ಕೊಟ್ಟು ಬಂದಿದೀಯೆ. ಅವ್ನು ಜನದ ಮುಂದೆ ತಲೆ ಎತ್ತಂಗಿಲ್ಲ. ಓಗು. ಅವಂಗೆ ಯೋಳಿ, ಆಮೇಲೆ ಅವ್ವಂಗೆ ಯೋಳು. ಅಲ್ಲೀಗಂಟ ಇಲ್ಲಿಗೆ ಬರ್ಬ್ಯಾಡ."

ಕೊಳ್ಳೇಗಾಲದಲ್ಲಿ, ಹನೂರು, ಕೌದಳ್ಳಿ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸು ಹತ್ತಿದೆ. ಹನೂರು ಬಂತು. ಬಂಡಳ್ಳಿಗೆ ಹೋಗುವವರೆಲ್ಲ ಇಳಿದರು, ಒಬ್ಬ ಪರಿಚಯದವನು ಕಿಟಕಿಯಿಂದ, "ಇಳಿಯಲ್ವಾ?" ಎಂದ. ಇಲ್ಲ ಅಂದೆ. ಕಿವಿಯ ರಕ್ತ ಅಂಗಿಯ ಕಾಲರಿನಲ್ಲಿ ಒಣಗಿ ಗಟ್ಟಿಯಾಗಿತ್ತು.

ಕೌದಳ್ಳಿಯಲ್ಲಿ ಇಳಿದು ನಡೆದೆ. ಮಾವ ಜಗಲಿಯ ಮೇಲೆ ಇಳಿಬಿಸಿಲಿನಲ್ಲಿ ಕೂತಿದ್ದ. ನನ್ನನ್ನು ಕಂಡದ್ದೇ, ಬಸ್‌ಸ್ಟ್ಯಾಂಡಿನ ಆ ದಿನದಿಂದ ಮಾಡುತ್ತಾ ಬಂದಿರುವ ಹಾಗೆ ಎದ್ದ, ಹೆಗಲಿನ ಟವೆಲ್ ತೆಗೆದ, ತಲೆ ತಗ್ಗಿಸಿದ. ನಾನು ಆ ಟವೆಲನ್ನು ಅವನ ಕೈಯಿಂದ ತೆಗೆದು ಅವನ ಹೆಗಲಿನ ಮೇಲೆ ಹಾಕಿದೆ.

"ಕುಂತ್ಕ ಮಾವ," ಅಂದೆ. "ಬಂದೂಕಲ್ಲಿ ತೋಟಾ ಇತ್ತು."